ಹಾಕಿ ಮೈದಾನದಲ್ಲಿ ದೇವಯ್ಯನವರ ತಿರುವು

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಮುಗಿಯುತ್ತಿದ್ದಂತೆ ನನಗೆ ಶಾಲೆಗಳಿಂದ ಫೋನ್ ಬರಲು ಶುರುವಾಗುತ್ತದೆ. ಸೆಪ್ಟೆಂಬರ್ 7ಕ್ಕೆ ಬಂದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಸರ್, ಅಂತ. ನಾನು ವಾಯುಪಡೆಯಲ್ಲಿ ಮಿಗ್-21 ಹಾರಿಸಿದವನು. 1971 ಮುಗಿದ ಮೇಲೆ ಸೇರಿದೆ, ಕಾರ್ಗಿಲ್‌ಗೆ ಮೊದಲೇ ನಿವೃತ್ತನಾದೆ. ಈಗ ಪೊನ್ನಂಪೇಟೆ ಕಡೆ ತೋಟ ನೋಡಿಕೊಂಡಿದ್ದೇನೆ. ಯುದ್ಧ ಮಾಡಿದವನಲ್ಲ. ಆದರೆ ಡಾಗ್‌ಫೈಟ್, ಅಂದರೆ ವಿಮಾನಗಳ ನಡುವಿನ ಮುಖಾಮುಖಿ ಕಾಳಗ, ಅಭ್ಯಾಸ ಮಾಡಿದ್ದೇನೆ, ಕಿರಿಯರಿಗೆ ಕಲಿಸಿದ್ದೇನೆ. ಶಾಲೆಯಲ್ಲೂ ಅದನ್ನೇ ಹೇಳುವುದು.

ಕಥೆ ಕೊಡಗಿನವರಿಗೆ ಗೊತ್ತೇ ಇದೆ. 1965ರ ಭಾರತ-ಪಾಕಿಸ್ತಾನ ಯುದ್ಧ, ಸೆಪ್ಟೆಂಬರ್ 7. ಪಂಜಾಬಿನ ಆದಂಪುರದಿಂದ ನಂಬರ್ 1 ಸ್ಕ್ವಾಡ್ರನ್‌ನ ಮಿಸ್ಟೇರ್ ವಿಮಾನಗಳು ಬೆಳಗಿನ ಜಾವ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರು ಸ್ಟ್ಯಾಂಡ್‌ಬೈ. ಯಾವುದಾದರೂ ವಿಮಾನ ಕೈಕೊಟ್ಟರೆ ಮಾತ್ರ ಅವರ ಸರದಿ. ಒಂದು ಕೈಕೊಟ್ಟಿತು, ಇವರು ಹೋದರು. ಅಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಅಡ್ಡ ಬಂತು. ಅದನ್ನು ಹಾರಿಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್.

ಪ್ರತಿ ವರ್ಷ ಯಾರಾದರೂ ಒಬ್ಬ ಹುಡುಗ ಕೇಳೇ ಕೇಳುತ್ತಾನೆ: "ಸರ್, ಅವರು ತಪ್ಪಿಸಿಕೊಂಡು ಬರಬಹುದಿತ್ತಲ್ವಾ?" ಪಕ್ಕದಲ್ಲಿ ಕೂತ ಮೇಷ್ಟ್ರು, "ಓಡಿ ಬರುವ ಜಾತಿಯೇ ಅಲ್ಲ ಅವರು" ಅನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ನನಗೆ ಆ ಉತ್ತರ ಸಾಲದು. ಧೈರ್ಯ ಇತ್ತು, ಸರಿ. ಜೊತೆಗೆ ಲೆಕ್ಕವೂ ಇತ್ತು. ದೇವಯ್ಯನವರು ಸ್ವತಃ ಬೇರೆಯವರಿಗೆ ಹಾರುವುದನ್ನು ಕಲಿಸಿದ ಇನ್‌ಸ್ಟ್ರಕ್ಟರ್. ಆ ಲೆಕ್ಕ ಅವರಿಗೆ ಗೊತ್ತಿಲ್ಲದ್ದಲ್ಲ.

ಅದಕ್ಕೆ ಮಕ್ಕಳನ್ನು ಹಾಕಿ ಮೈದಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಗೆರೆ ಹಾಕುವ ಸುಣ್ಣದಲ್ಲಿ ಎರಡು ವೃತ್ತ. ಚಿಕ್ಕದು ನಡುವಿನಿಂದ ಐದು ಹೆಜ್ಜೆ, ದೊಡ್ಡದು ಇಪ್ಪತ್ತು ಹೆಜ್ಜೆ. ಎರಡೂ ಒಂದು ಕಡೆ ತಾಗಿರಬೇಕು. ಅಲ್ಲಿಂದ ಇಬ್ಬರನ್ನು ಬಿಡುತ್ತೇನೆ. ಚಿಕ್ಕದರಲ್ಲಿ ಓಡುವವನು ಸುಮ್ನೆ ಜಾಗಿಂಗ್ ಮಾಡಬೇಕು. ದೊಡ್ಡದರಲ್ಲಿ ಓಡುವವಳು ಅವನ ಎರಡು ಪಟ್ಟು ವೇಗದಲ್ಲಿ ಓಡಬೇಕು. ಒಂದೇ ಜಿ ಎಳೆತದಲ್ಲಿ (ತಿರುಗುವಾಗ ಮೈ ಎಷ್ಟು ಪಟ್ಟು ಭಾರವಾಗುತ್ತದೆ ಅನ್ನುವ ಲೆಕ್ಕವೇ ಜಿ) ವೇಗ ಎರಡು ಪಟ್ಟಾದರೆ ತಿರುವು ನಾಲ್ಕು ಪಟ್ಟು ಅಗಲವಾಗುತ್ತದೆ, ಇಪ್ಪತ್ತು ಹೆಜ್ಜೆ ಅದಕ್ಕೇ. ಆ ಹುಡುಗಿ ಏದುಸಿರು ಬಿಟ್ಟು ಅರ್ಧ ಸುತ್ತು ಮುಗಿಸುವಷ್ಟರಲ್ಲಿ ಇವನು ಪೂರ್ತಿ ಒಂದು ಸುತ್ತು ಹಾಕಿ ನಗುತ್ತಿರುತ್ತಾನೆ.

ಇಷ್ಟಾದ ಮೇಲೆ ವಿಮಾನದ ಮಾತು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದ್ದು. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದು. ಬೆನ್ನು ತೋರಿಸಿ ಓಡಿದರೆ ಕ್ಷಿಪಣಿಗೋ ಗನ್ನಿಗೋ ಸುಲಭದ ಗುರಿ. ಎದುರಾಳಿಯ ಕಡೆಗೇ ತಿರುಗುವುದೊಂದೇ ದಾರಿ. ಈ ತಿರುವಿಗೆ ನಮ್ಮ ಪೈಲಟ್‌ಗಳ ಭಾಷೆಯಲ್ಲಿ ಬ್ರೇಕ್ ಅನ್ನುತ್ತೇವೆ. ವೇಗದವನು ಆ ತಿರುವಿಗೆ ಬಗ್ಗಲಾರದೆ ಮುಂದೆ ಹೋಗಿಬಿಡುತ್ತಾನೆ. ಬುದ್ಧಿವಂತನಾದರೆ ಮೇಲಕ್ಕೆ ಹೋಗಿ ಮತ್ತೆ ವೇಗದಲ್ಲಿ ಬರುತ್ತಾನೆ. ಸಿಟ್ಟಿಗೆದ್ದು ವೇಗ ಇಳಿಸಿ ಜೊತೆಗೆ ಸುತ್ತಲು ಹೋದನೋ, ಕೆಟ್ಟ. ಸ್ಟಾರ್‌ಫೈಟರ್‌ನ ರೆಕ್ಕೆ ತುದಿಯಿಂದ ತುದಿಗೆ 22 ಅಡಿ ಇಲ್ಲ, ಮಿಸ್ಟೇರ್‌ದು 36 ಅಡಿ. ನಿಧಾನದ ಜಗಳದಲ್ಲಿ ದೊಡ್ಡ ರೆಕ್ಕೆಯದ್ದೇ ಮೇಲುಗೈ.

ಇದನ್ನೆಲ್ಲ ಮೈದಾನದಲ್ಲಿ ಹೇಳುವುದು ಸುಲಭ. ಅದಕ್ಕೇ ಒಬ್ಬರಿಗೆ ಬೈಕ್ ಹೆಲ್ಮೆಟ್ ಹಾಕಿಸಿ, ಕುರ್ಚಿಗೆ ಬೆನ್ನು ಒತ್ತಿ ಕೂರಿಸಿ, ಹೆಗಲ ಮೇಲಿಂದ ಹಿಂದೆ ನೋಡು ಅನ್ನುತ್ತೇನೆ. ಕಷ್ಟ ಅಲ್ವಾ? ಈಗ ಆರು ಜಿ ಸೇರಿಸಿಕೊಳ್ಳಿ. ಹೆಲ್ಮೆಟ್ ಸಮೇತ ಆರೇಳು ಕೆಜಿಯ ತಲೆ 40 ಕೆಜಿ ಆಗುತ್ತದೆ. ಜಿ-ಸೂಟ್ ಗಾಳಿ ತುಂಬಿಕೊಂಡು ತೊಡೆ, ಹೊಟ್ಟೆಯನ್ನು ಹಿಂಡುತ್ತದೆ. ರಕ್ತ ಕಾಲಿಗಿಳಿಯದಂತೆ ನಾವೂ ತೊಡೆ ಬಿಗಿದು, ಉಸಿರು ಹಿಡಿದು, ಚಿಕ್ಕದಾಗಿ ಬಿಟ್ಟು ಮತ್ತೆ ಹಿಡಿಯುತ್ತೇವೆ. ಒಂದು ಉಸಿರು ತಪ್ಪಿದರೆ ಬಣ್ಣ ಹೋಗುತ್ತದೆ, ಎಲ್ಲ ಬೂದು. ಆಮೇಲೆ ಅಂಚಿನಿಂದ ಕತ್ತಲು ಒಳಗೆ ಬರುತ್ತದೆ. ಬೆವರು ಕಣ್ಣಿಗಿಳಿದರೆ ಒರೆಸಲು ಕೈಯೇ ಏಳುವುದಿಲ್ಲ. ಇಷ್ಟರ ನಡುವೆ ಎದುರಾಳಿಯನ್ನು ಕಣ್ಣಿನಿಂದ ಬಿಡಬಾರದು, ಎಣ್ಣೆ ಎಷ್ಟಿದೆ ಅಂತಲೂ ನೋಡಬೇಕು. ಗನ್ ಹೊಡೆಯುವುದೂ ಕೈಲ್ ಮುಹೂರ್ತದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಹೊಡೆದ ಹಾಗಲ್ಲ. ಅವನು ಮುಂದೆ ಎಲ್ಲಿರುತ್ತಾನೋ ಅಲ್ಲಿಗೆ ಹೊಡೆಯಬೇಕು.

ಸರ್ಗೋಧಾ ಮಿಸ್ಟೇರ್‌ಗೆ ಹೋಗಿ ಬರುವ ದೂರದ ಕೊನೆಯ ಅಂಚು. ಸುತ್ತಾಡಲು ಎಣ್ಣೆ ಇಲ್ಲ. ಪಾಕಿಸ್ತಾನದ ಕಡೆಯ ವಿವರದ ಪ್ರಕಾರ ದೇವಯ್ಯನವರ ವಿಮಾನಕ್ಕೆ ಮೊದಲೇ ಏಟು ಬಿದ್ದಿತ್ತು. ಅಂಥ ವಿಮಾನವನ್ನು ಬಗ್ಗಿಸಿ, ಸ್ಟಾರ್‌ಫೈಟರ್‌ಗೆ ಗುಂಡು ತಾಗಿಸಿದರು. ಅಮ್ಜದ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯನವರು ಬರಲಿಲ್ಲ. ನಮ್ಮ ಕಡೆ ಇದನ್ನು ನೋಡಿದವರೇ ಇಲ್ಲ. ಆ ಕಡೆಯ ವಿವರ ಹೊರಬಂದ ಮೇಲೆಯೇ ಗೊತ್ತಾದದ್ದು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ನಂತರ.

ಈ ಸಲ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು, ಪ್ಯಾರಾಚೂಟ್‌ನಲ್ಲಿ ಇಳಿಯುವವನಿಗೆ ಹೊಡೆಯಬಹುದಾ ಅಂತ ಕೇಳಿದಳು. ಹೊಡೆಯಬಾರದು. 1977ರ ಜಿನೀವಾ ಪ್ರೋಟೋಕಾಲ್‌ನಲ್ಲಿ ಬರೆದಿಟ್ಟಿದ್ದಾರೆ. ಬರೆಯುವ ಮೊದಲೂ ಮರ್ಯಾದಸ್ಥ ಪೈಲಟ್‌ಗಳು ಹೊಡೆಯುತ್ತಿರಲಿಲ್ಲ. ವಿಮಾನ ಬಿತ್ತು ಅಂದರೆ ಜಗಳ ಮುಗಿಯಿತು. ಸೆರೆ ಸಿಕ್ಕವನು ಹೆಸರು, ರ್‍ಯಾಂಕ್, ನಂಬರ್, ಹುಟ್ಟಿದ ದಿನ ಹೇಳಿದರೆ ಸಾಕು. ಸೆರೆಯ ಮಾತಿಗೆ ಮಡಿಕೇರಿಯದ್ದೇ ಒಂದು ಕಥೆ ಇದೆ. 1965ರ ಅದೇ ಯುದ್ಧದ ಕೊನೆಯಲ್ಲಿ ಹಿಂದೆ ಸೇನಾ ಮುಖ್ಯಸ್ಥರಾಗಿದ್ದ ಕಾರ್ಯಪ್ಪನವರ ಮಗ ನಂದಾ ಅವರ ಹಂಟರ್ ವಿಮಾನ ಬಿದ್ದು ಅವರು ಸೆರೆಯಾದರು. ಅಪ್ಪನ ಕೈಕೆಳಗೆ ಹಿಂದೆ ಕೆಲಸ ಮಾಡಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷ. ಬಿಟ್ಟುಕೊಡುತ್ತೇನೆ ಅಂದರೂ ಕಾರ್ಯಪ್ಪನವರು ಒಪ್ಪಲಿಲ್ಲ. ಸೆರೆಯಲ್ಲಿರುವವರೆಲ್ಲ ತನ್ನ ಮಕ್ಕಳೇ ಅಂದರು.

ಅಮ್ಜದ್ ಕಥೆಗೂ ಮುಂದುವರಿಕೆ ಇದೆ. 1971ರಲ್ಲಿ ಅಮೃತಸರದ ಮೇಲೆ ಅವರ ಸ್ಟಾರ್‌ಫೈಟರ್ ಮತ್ತೆ ಬಿತ್ತು, ಈ ಸಲ ನಮ್ಮವರ ಸೆರೆ. "ದೇವಯ್ಯನವರ ಜೊತೆ ಹೋರಾಡಿದ್ದು ನಾನೇ ಅಂತ ಅವರು ಹೇಳಬೇಕಿತ್ತಾ ಸರ್?" ಅಂದ ಒಬ್ಬ. ಇಲ್ಲ ಮಗಾ, ಹೇಳಬೇಕಾದದ್ದು ಆ ನಾಲ್ಕೇ ಅಂದೆ.