ಪುಟ್ಟ ಮಗುವಿಗೆ ಮನೆಯಲ್ಲೇ ಆಕ್ಸಿಜನ್: ಮೂಗಿನ ಪೈಪ್ ಕೂರಿಸುವುದು ಹೇಗೆ?

ತಿಂಗಳು ತುಂಬುವ ಮೊದಲೇ ಹುಟ್ಟಿ, ಶ್ವಾಸಕೋಶ ಇನ್ನೂ ಬಲಿಯದ ಕೆಲವು ಮಕ್ಕಳನ್ನು ವೈದ್ಯರು ಆಕ್ಸಿಜನ್ ಸಮೇತವೇ ಮನೆಗೆ ಕಳಿಸುತ್ತಾರೆ. ಮನೆಯವರು ಯಂತ್ರ ಕಂಡು ಹೆದರುತ್ತಾರೆ, ಎಡವುವುದು ಮಾತ್ರ ಮೂಗಿನ ಪೈಪಿನಲ್ಲಿ.

ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರವಾದ ಕಾನ್ಸನ್‌ಟ್ರೇಟರನ್ನು ಗೋಡೆಯಿಂದ ಒಂದಡಿ ದೂರ ಇಟ್ಟು ಆನ್ ಮಾಡಿ, ವೈದ್ಯರು ಬರೆದಷ್ಟೇ ಫ್ಲೋ (ಆಕ್ಸಿಜನ್ ಹರಿಯುವ ಪ್ರಮಾಣ) ಇಡಿ. ಮಕ್ಕಳಿಗೆ ಸಾಮಾನ್ಯವಾಗಿ ನಿಮಿಷಕ್ಕೆ 1 ಲೀಟರಿಗಿಂತ ಕಡಿಮೆ ಸಾಕು. ದೊಡ್ಡವರ ಮೀಟರಿನಲ್ಲಿ ಅಷ್ಟು ಸಣ್ಣ ಅಳತೆ ಸರಿಯಾಗಿ ಸಿಗುವುದಿಲ್ಲ, ಮಕ್ಕಳ ಮೀಟರನ್ನೇ ಕೇಳಿ ತನ್ನಿ.

ಈಗ ಪೈಪ್. ಕೈ ತೊಳೆದು, ಪೈಪಿನ ತುದಿಯನ್ನು ಒಂದು ಲೋಟ ನೀರಿನಲ್ಲಿ ಅದ್ದಿ. ಗುಳ್ಳೆ ಬಂದರೆ ಗಾಳಿ ಬರುತ್ತಿದೆ ಎಂದರ್ಥ, ಒರೆಸಿಕೊಳ್ಳಿ. ಮಗುವಿನ ಕೆನ್ನೆ ಒಣಗಿರಬೇಕು. ಎಣ್ಣೆ ತಿಕ್ಕಿದ ಕೆನ್ನೆಗೆ ಯಾವ ಟೇಪೂ ನಿಲ್ಲುವುದಿಲ್ಲ, ಅಜ್ಜಿಯಂದಿರಿಗೆ ಮೊದಲೇ ಹೇಳಿಡಿ. ಎರಡೂ ಕೆನ್ನೆಗೆ ಚರ್ಮ ಕಾಯುವ ತೆಳು ಪಟ್ಟಿ ಅಂಟಿಸಿ, ಟೇಪು ಅದರ ಮೇಲೆ. ನೇರ ಚರ್ಮಕ್ಕೆ ಅಂಟಿಸಿದರೆ ಕೀಳುವಾಗ ಸಿಪ್ಪೆ ಸಮೇತ ಬರುತ್ತದೆ. ಮೂಗಿನೊಳಗೆ ಹೋಗುವ ಪೈಪಿನ ಎರಡು ಪುಟ್ಟ ಕಡ್ಡಿಗಳ ಬಾಗು ಕೆಳಮುಖವಾಗಿರಲಿ, ಮೂಗಿನ ಹೊಳ್ಳೆ ಪೂರ್ತಿ ಮುಚ್ಚಬಾರದು, ಸುತ್ತ ಜಾಗ ಕಾಣಬೇಕು. ಪೈಪನ್ನು ಕಿವಿಯ ಹಿಂದಿನಿಂದ ಬೆನ್ನಿಗೆ ತಂದು, ಅಂಗಿಯೊಳಗೆ ಇಳಿಸಿ, ಕಾಲಿನ ಕಡೆಯಿಂದ ಹೊರಗೆ ತೆಗೆಯಿರಿ. ಕುತ್ತಿಗೆಗೆ ಸುತ್ತಿಕೊಳ್ಳುವ ಭಯ ಕಡಿಮೆಯಾಗುತ್ತದೆ. ಮೂಗು ಒಣಗಿದರೆ ವ್ಯಾಸಲೀನೂ ಕೊಬ್ಬರಿ ಎಣ್ಣೆಯೂ ಎರಡೂ ಬೇಡವೇ ಬೇಡ. ಎಣ್ಣೆಯಂಶ ಇರುವಲ್ಲಿ ಆಕ್ಸಿಜನ್ ಇದ್ದರೆ ಬೆಂಕಿ ಬೇಗ ಹೊತ್ತಿಕೊಳ್ಳುತ್ತದೆ. ನೀರು ಆಧಾರಿತ ಜೆಲ್ ಹಚ್ಚಿ.

ಸ್ನಾನದ ನಂತರದ ಸಾಂಬ್ರಾಣಿ ಹೊಗೆ, ಚಳಿಗೆ ಕೋಣೆಯಲ್ಲಿಡುವ ಕೆಂಡದ ಅಗ್ಗಿಷ್ಟಿಕೆ, ಬೀಡಿ, ಎಲ್ಲವೂ ಬಂದ್. ಒಲೆ ಕನಿಷ್ಠ 3 ಮೀಟರ್ ದೂರ ಇರಲಿ.

ರಕ್ತದಲ್ಲಿನ ಆಕ್ಸಿಜನ್ ಮಟ್ಟವನ್ನು ಅಂಕಿಯಲ್ಲಿ ತೋರಿಸುವ ಆಕ್ಸಿಮೀಟರ್ ದೊಡ್ಡವರ ಬೆರಳಿನ ಕ್ಲಿಪ್ ಆಗಿದ್ದರೆ ಸುಮ್ನೆ ಪಕ್ಕಕ್ಕಿಡಿ. ಪಾದಕ್ಕೆ ಸುತ್ತುವ ಮಕ್ಕಳದ್ದೇ ಬೇಕು. ಮಡಿಕೇರಿಯ ಚಳಿಯಲ್ಲಿ ಪಾದ ತಣ್ಣಗಿದ್ದರೆ ಅಂಕಿ ಸುಳ್ಳು ತೋರಿಸುತ್ತದೆ, ಬೆಚ್ಚಗೆ ಮಾಡಿ ಮತ್ತೆ ನೋಡಿ. ಮಂಗಳೂರಿನಲ್ಲಿ ಡಿಸ್ಚಾರ್ಜ್ ಆದ ಮಗುವಾದರೆ, ಸಾವಿರ ಮೀಟರ್ ಮೇಲಿರುವ ಊರಿಗೆ ಬಂದಾಗ ಅಂಕಿ ಸ್ವಲ್ಪ ಇಳಿಯಬಹುದು, ಹೊರಡುವ ಮೊದಲೇ ವೈದ್ಯರನ್ನು ಕೇಳಿ.

ಇನ್ನು ಕರೆಂಟು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಇಲ್ಲದಿರುವುದು ಕೊಡಗಿನಲ್ಲಿ ಹೊಸದಲ್ಲ ಅಲ್ವಾ? ಮನೆಯ ಇನ್ವರ್ಟರ್ ಕೆಲವೇ ಗಂಟೆ ತಾಳುತ್ತದೆ. ಕರೆಂಟಿಲ್ಲದಾಗ ಬಳಸುವ ಬಿ-ಟೈಪ್ ಆಕ್ಸಿಜನ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ, ನಿಮಿಷಕ್ಕೆ ಅರ್ಧ ಲೀಟರಿನಂತೆ 50 ಗಂಟೆ ಬಾಳುತ್ತದೆ. ಒಂದು ಸಾಲದು, ಜೂನ್‌ಗೆ ಮೊದಲೇ ಎರಡು ತುಂಬಿಸಿಡಿ. ಕೋವಿಡ್ ಕಾಲದಲ್ಲಿ ಬಂದ ಸ್ಪ್ರೇ ತರಹದ ಆಕ್ಸಿಜನ್ ಕ್ಯಾನ್ ನಿಮಿಷಗಳ ಆಟ, ದುಡ್ಡು ದಂಡ.

ಮಗು ಹಾಲು ಕುಡಿಯದಿದ್ದರೆ, ಪಕ್ಕೆ ಒಳಗೆ ಸೆಳೆದರೆ, ಉಸಿರಿಗೊಮ್ಮೆ ನರಳಿದರೆ, ತುಟಿ ನೀಲಿಯಾದರೆ, ಮೊದಲು ಪೈಪ್ ಕಳಚಿದೆಯೇ, ಮಡಚಿದೆಯೇ ನೋಡುತ್ತಲೇ ಇನ್ನೊಬ್ಬರಿಂದ 108ಕ್ಕೆ ಫೋನ್ ಮಾಡಿಸಿ. ಫ್ಲೋ ಏರಿಸಿ ಬೆಳಗಿನವರೆಗೆ ನೋಡೋಣ ಎಂದು ಕೂರಬೇಡಿ. ಸ್ವಂತ ಜೀಪಿನಲ್ಲಿ ಹೊರಟರೆ ಸಿಲಿಂಡರನ್ನು ಅಲುಗದಂತೆ ಕಟ್ಟಿ, ಕಿಟಕಿ ಸ್ವಲ್ಪ ತೆರೆದಿಡಿ.