ಹಿಂದೆ ತಿರುಗಿ ನೋಡುವ ಕೆಲಸ: ಬೆಟ್ಟದ ಗೈಡ್ ಆಗಿ ನನ್ನ ಅನುಭವ

ನಾನು ಬೆಟ್ಟದ ಗೈಡ್ ಆಗಿ 11 ವರ್ಷ ಆಯಿತು. ಶುರುವಿನಲ್ಲಿ ನನ್ನ ಹತ್ತಿರ ಇದ್ದದ್ದು ಗಟ್ಟಿ ಕಾಲು ಮತ್ತು ಒಳ್ಳೆ ಉಸಿರು. ಅಷ್ಟು ಸಾಕು ಅಂದುಕೊಂಡಿದ್ದೆ. ಮೊದಲ ತಂಡ ಕರೆದುಕೊಂಡು ಹೊರಟಾಗ ಅರ್ಧ ಗಂಟೆಯಲ್ಲೇ ನಾನು ಮುಂದೆ, ನಾಲ್ಕು ಜನ ನಡುವೆ, ಇಬ್ಬರು ಕಣ್ಣಿಗೇ ಕಾಣದಷ್ಟು ಹಿಂದೆ. ಕೊನೆಯಲ್ಲಿ ಬರುತ್ತಿದ್ದ ಹಿರಿಯ ಗೈಡ್ ಸಂಜೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ ಮಾತು. "ಇವತ್ತು ಯಾರ ಕಾಲಲ್ಲಿ ಗುಳ್ಳೆ ಎದ್ದಿದೆ ಹೇಳು." ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.

ಆವತ್ತಿನಿಂದ ನಿಧಾನವಾಗಿ ನಡೆಯುವವರನ್ನು ನನ್ನ ಬೆನ್ನ ಹಿಂದೆಯೇ ಇಟ್ಟುಕೊಳ್ಳುತ್ತೇನೆ. ಅವರ ಹೆಜ್ಜೆಯೇ ತಂಡದ ಹೆಜ್ಜೆ. ಹೊರಟ ಮೊದಲ ಗಂಟೆ ಎಲ್ಲರೂ ಮಾತಾಡಿಕೊಂಡೇ ಏರುವಂತಿರಬೇಕು, ಮಾತು ನಿಂತಿತು ಅಂದರೆ ನಾನು ಜೋರಾಗಿ ಹೋಗುತ್ತಿದ್ದೇನೆ ಎಂದೇ ಲೆಕ್ಕ. ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಮುಂದಿನವರು ಕೂತು ಸುಧಾರಿಸಿಕೊಂಡಿರುತ್ತಾರೆ, ಕೊನೆಯವರು ಏದುಸಿರು ಬಿಡುತ್ತಾ ಬಂದು ಸೇರಿದ ಕೂಡಲೇ "ಸರಿ, ಹೊರಡೋಣ" ಅಂತ ಎದ್ದುಬಿಡುತ್ತಾರೆ. ಸುಸ್ತಾದವರಿಗೇ ವಿಶ್ರಾಂತಿ ಇಲ್ಲ! ಹಾಗಾಗಿ ವಿಶ್ರಾಂತಿಯ ಹೊತ್ತನ್ನು ನಾನು ಕೊನೆಯವರು ಕೂತ ಮೇಲೆ ಎಣಿಸಲು ಶುರು ಮಾಡುತ್ತೇನೆ.

ಹೊತ್ತಿನ ಅಂದಾಜಿಗೆ ಸ್ಕಾಟ್‌ಲೆಂಡಿನ ಪರ್ವತಾರೋಹಿ ವಿಲಿಯಂ ನೇಯ್‌ಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಈಗಲೂ ನನಗೆ ಕೆಲಸಕ್ಕೆ ಬರುತ್ತದೆ. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಮೇಲೇರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಅದು ಗಟ್ಟಿಗರ ಲೆಕ್ಕ. ಹೊಸಬರಿದ್ದರೆ ನಾನು ಅದರ ಒಂದೂವರೆ ಪಟ್ಟು ಹಿಡಿಯುತ್ತೇನೆ.

ಎತ್ತರ ಜಾಸ್ತಿ ಆದಂತೆ ಗೈಡ್ ಕಾಲಿಗಿಂತ ಮುಖ ನೋಡಬೇಕಾಗುತ್ತದೆ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು. ನಿಯಮ ಕಲಿಯುವುದು ಸುಲಭ. ಕಷ್ಟ ಏನೆಂದರೆ ತೆಳು ಗಾಳಿಯಿಂದ ಬರುವ ಎತ್ತರದ ಕಾಯಿಲೆಯ ಮೊದಲ ಸೂಚನೆ ತಲೆನೋವು, ಜನ ಅದನ್ನೇ ಮುಚ್ಚಿಡುತ್ತಾರೆ. ಹೇಳಿದರೆ ಎಲ್ಲಿ ವಾಪಸ್ ಕಳಿಸುತ್ತಾರೋ ಎಂಬ ಭಯ. ಅದಕ್ಕೇ ನಾನು "ಹೇಗಿದ್ದೀರಿ" ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಬೆಳಿಗ್ಗೆಯಿಂದ ವಟಗುಟ್ಟುತ್ತಿದ್ದವರು ಯಾಕೆ ಸುಮ್ಮನಾದರು, ಊಟದ ತಟ್ಟೆ ಯಾಕೆ ಹಾಗೇ ಇದೆ, ಡೇರೆಯಿಂದ ಯಾರು ಹೊರಗೆ ಬಂದಿಲ್ಲ, ಇದನ್ನೇ ನೋಡುತ್ತೇನೆ. ಅನುಮಾನ ಬಂದರೆ ಒಂದು ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಸುತ್ತೇನೆ. ತೂರಾಡಿದರೆ ಮಿದುಳಿಗೆ ಬಾವು ಬಂದಿರಬಹುದು. ಆಮೇಲೆ ಬೆಳಗಾಗಲಿ ಅಂತ ಕಾಯುವ ಮಾತೇ ಇಲ್ಲ, ಆಗಲೇ ಕೆಳಗಿಳಿಸಬೇಕು.

ಒಮ್ಮೆ ಶಿಖರಕ್ಕೆ ಇನ್ನೊಂದು ಗಂಟೆ ದಾರಿ ಇರುವಾಗ ಒಂದು ತಂಡವನ್ನು ತಿರುಗಿಸಿದೆ. ನಾವು ಗೊತ್ತು ಮಾಡಿಕೊಂಡ ಹೊತ್ತು ಮೀರಿತ್ತು, ಮೋಡ ಕಟ್ಟುತ್ತಿತ್ತು. ಒಬ್ಬರು ಅತ್ತರು, ಇನ್ನೊಬ್ಬರು ಕೊಟ್ಟ ದುಡ್ಡಿನ ಲೆಕ್ಕ ತೆಗೆದರು. ಪ್ರವಾಸ ಏರ್ಪಡಿಸಿದವರೂ ನನ್ನ ಪರ ನಿಲ್ಲಲಿಲ್ಲ, ಮುಂದಿನ ಎರಡು ತಂಡ ನನಗೆ ಕೊಡಲಿಲ್ಲ. ಆ ತಿಂಗಳು ಕಷ್ಟವಾಯಿತು. ವರ್ಷದ ದುಡಿಮೆ ಕೆಲವೇ ತಿಂಗಳಲ್ಲಿ ಆಗಬೇಕಾದ ಕೆಲಸ ಇದು, ಅಲ್ವಾ? ಆದರೆ ಆ ತೀರ್ಮಾನದ ಬಗ್ಗೆ ನನಗೆ ಯಾವತ್ತೂ ಅನುಮಾನ ಬಂದಿಲ್ಲ. ಈಗ ತಿರುಗುವ ಹೊತ್ತನ್ನು ಹಿಂದಿನ ಸಂಜೆಯೇ ಎಲ್ಲರ ಮುಂದೆ ಹೇಳಿ, ಅವರ ಬಾಯಲ್ಲೂ ಹೇಳಿಸುತ್ತೇನೆ.

ಗೈಡ್‌ಗಳಲ್ಲಿ ಎಲ್ಲ ಥರದ ಸ್ವಭಾವದವರೂ ಇದ್ದಾರೆ. ದಾರಿಯುದ್ದಕ್ಕೂ ಕಥೆ ಹೇಳುವವರು, ದಿನಕ್ಕೆ ಹತ್ತು ಮಾತೂ ಆಡದವರು. ನನಗೆ ಜೊತೆಗಾರರನ್ನು ಆರಿಸುವ ಅವಕಾಶ ಸಿಕ್ಕರೆ ನನಗಿಂತ ಬೇರೆ ಥರದವರನ್ನೇ ಕೇಳುತ್ತೇನೆ. ನನ್ನ ಹತ್ತಿರ ಬಾಯಿ ಬಿಡದವರು ಅವರ ಹತ್ತಿರ ಬಿಡುತ್ತಾರೆ.

ನನಗೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು ಭಯ. 1865ರ ಜುಲೈ 14ರಂದು ಯುರೋಪಿನ ಆಲ್ಪ್ಸ್ ಪರ್ವತಸಾಲಿನ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏರಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗಲೇ ಸತ್ತರು. ಅವರಲ್ಲಿ ಮಿಶೆಲ್ ಕ್ರೋ ಒಬ್ಬ ಗೈಡ್. ಅನುಭವವಿಲ್ಲದ ಯುವಕನೊಬ್ಬನ ಪಾದಗಳನ್ನು ಒಂದೊಂದಾಗಿ ಹಿಡಿದು ಬಂಡೆಯ ಮೇಲೆ ಇಡಿಸಿ ಇಳಿಸುತ್ತಿದ್ದರು. ಆ ಯುವಕ ಜಾರಿದ. ನಾನೂ ಎಷ್ಟೋ ಸಲ ಹಾಗೆ ಬೇರೆಯವರ ಪಾದ ಹಿಡಿದು ಇಳಿಸಿದ್ದೇನೆ, ಆಗೆಲ್ಲ ಕ್ರೋ ಅವರ ನೆನಪಾಗುತ್ತದೆ.

ಈಗ ಮೊಣಕಾಲು ನೋಯುತ್ತದೆ. ಎಲ್ಲರಿಗಿಂತ ಮೊದಲು ಎದ್ದು ಹಿಮ ಕರಗಿಸಿ ನೀರು ಮಾಡುವುದು, ಮೋಡ ನೋಡುವುದು, ಹಗ್ಗ ತಡವಿ ನೋಡುವುದು ಹಾಗೇ ನಡೆದಿದೆ. ಸಂಜೆ ಕ್ಯಾಂಪ್ ತಲುಪಿದ ಮೇಲೆ ತಲೆ ಎಣಿಸುತ್ತೇನೆ. ಆಮೇಲೆ ಒಬ್ಬೊಬ್ಬರ ಶೂ ಬಿಚ್ಚಿಸಿ ಪಾದ ನೋಡುತ್ತೇನೆ. ಕೊನೆಯವರದು ಮುಗಿದ ಮೇಲೆ ನನ್ನ ಶೂ ಬಿಚ್ಚುತ್ತೇನೆ.