ಕ್ಲಬ್ ರಗ್ಬಿಗೂ ಪ್ರೊಫೆಷನಲ್ ರಗ್ಬಿಗೂ ನಡುವೆ ಒಂದು ಟೂರ್ನಿ: ದಿವಾಳಿ ಆಗದೆ ಮಾಡೋದು ಹೇಗೆ

ಸಿಡ್ನಿಯ ಕೂಜಿ ಓವಲ್ ಗ್ರೌಂಡ್‌ನಲ್ಲಿ ಶನಿವಾರ ಮಧ್ಯಾಹ್ನ ರಾಂಡ್ವಿಕ್ ಕ್ಲಬ್ ಮ್ಯಾಚ್ ನೋಡಿದೋರಿಗೆ ಗೊತ್ತಿರುತ್ತೆ, ಈ ಕಡೆ ಬೀಚು ಆ ಕಡೆ ಮ್ಯಾಚು, ಜನ ಆರಾಮಾಗಿ ಕೂತು ನೋಡ್ತಿರ್ತಾರೆ, ಒಳಗೆ ಗುದ್ದಾಡ್ತಿರೋ ಹುಡುಗ ಸೋಮವಾರ ಬೆಳಿಗ್ಗೆ ಕೆಲಸಕ್ಕೋ ಕಾಲೇಜಿಗೋ ಹೋಗ್ಬೇಕು. ಅವನಿಗೆ ಅಲ್ಲಿಂದ ಮೇಲಿನ ಮೆಟ್ಟಿಲು ಅಂದ್ರೆ ನೇರ ಸೂಪರ್ ರಗ್ಬಿ, ಸಂಬಳಕ್ಕೆ ಆಡೋ ಪ್ರೊಫೆಷನಲ್ ಟೂರ್ನಿ. 2024ರ ಸೀಸನ್ ಆದ್ಮೇಲೆ ಮೆಲ್ಬರ್ನ್ ರೆಬೆಲ್ಸ್ ಬಾಗಿಲು ಹಾಕ್ತು, ಹಾಗಾಗಿ ಆಸ್ಟ್ರೇಲಿಯಾದಲ್ಲಿ ಆ ಮಟ್ಟದ ಟೀಮು ಉಳಿದಿರೋದು ನಾಲ್ಕೇ: ವಾರಾಟಾಸ್, ರೆಡ್ಸ್, ಬ್ರಂಬೀಸ್, ಫೋರ್ಸ್. ಕೆಳಗೆ ಸಿಡ್ನಿಯ ಶೂಟ್ ಶೀಲ್ಡ್, ಬ್ರಿಸ್ಬೇನ್‌ನ ಹಾಸ್ಪಿಟಲ್ ಕಪ್, ಕ್ಯಾನ್ಬೆರಾದ ಡೆಂಟ್ ಕಪ್ ಅಂತ ಕ್ಲಬ್ ಟೂರ್ನಿಗಳಲ್ಲಿ ಆಡೋ ನೂರಾರು ಹುಡುಗರು. ಮಧ್ಯದ ಮೆಟ್ಟಿಲು ಕಟ್ಟೋಕೆ ಎರಡು ಸಲ ಹೋಗಿ ಎರಡು ಸಲನೂ ಕೈ ಸುಟ್ಕೊಂಡಿದಾರೆ. ಮೂರನೇ ಸಲ ಮಾಡೋದಾದ್ರೆ ಹೇಗೆ ಅಂತ ನನ್ನ ಲೆಕ್ಕ ಇಲ್ಲಿದೆ.

ಮೊದಲು ಹಳೇ ಖಾತೆ ತೆಗೆದು ನೋಡಿ. 2007ರಲ್ಲಿ ಆಸ್ಟ್ರೇಲಿಯನ್ ರಗ್ಬಿ ಚಾಂಪಿಯನ್‌ಶಿಪ್ ಅಂತ ಮಾಡಿದ್ರು, ಎಂಟು ಟೀಮು, ಹೊಸ ಹೆಸರು, ಹೊಸ ಜೆರ್ಸಿ, ಅದೇ ಹೊತ್ತಿಗೆ ಫ್ರಾನ್ಸಲ್ಲಿ ವರ್ಲ್ಡ್ ಕಪ್ ಬೇರೆ ನಡೀತಿತ್ತು. ಒಂದೇ ಸೀಸನ್‌ಗೆ 47 ಲಕ್ಷ ಆಸ್ಟ್ರೇಲಿಯನ್ ಡಾಲರ್ ನಷ್ಟ, ಅಲ್ಲಿಗೆ ಮುಗೀತು. ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಹಂಗೆ. ಆಮೇಲೆ 2014ರಿಂದ 2019ರವರೆಗೆ ನ್ಯಾಷನಲ್ ರಗ್ಬಿ ಚಾಂಪಿಯನ್‌ಶಿಪ್, ಎನ್ಆರ್‌ಸಿ, ಇದು ಸ್ವಲ್ಪ ಕೈ ಬಿಗಿ ಹಿಡ್ಕೊಂಡು ಮಾಡಿದ್ದು, ಆರು ವರ್ಷ ನಡೀತು, ಆಟನೂ ಚೆನ್ನಾಗಿತ್ತು. 2017ರಲ್ಲಿ ಒಳಗೆ ಬಂದ ಫಿಜಿ ದೇಶದ ಟೀಮು ಫಿಜಿಯನ್ ದ್ರುವಾ ಮರುವರ್ಷ ಅಲ್ಲಿನ ಲೌಟೋಕಾ ಊರಲ್ಲಿ ತಮ್ಮ ಜನರ ಮುಂದೆನೇ ಕಪ್ ಗೆದ್ದು 2022ಕ್ಕೆ ಸೂಪರ್ ರಗ್ಬಿಗೆ ಹತ್ತಿದ್ರು. ಮೆಟ್ಟಿಲು ಇದ್ರೆ ಹತ್ತೋರು ಇದಾರೆ ಅನ್ನೋಕೆ ಇನ್ನೇನು ಸಾಕ್ಷಿ ಬೇಕು. ಆದ್ರೂ 2020ರಲ್ಲಿ ಕೋವಿಡ್ ಬಂದು ನಿಂತಿದ್ದು ಮತ್ತೆ ಏಳಲಿಲ್ಲ.

ಹಾಗಾದ್ರೆ ಶುರು ಮಾಡೋದು ಎಲ್ಲಿಂದ? ಸ್ಪಾನ್ಸರ್ ಹುಡ್ಕೋದ್ರಿಂದ ಅಲ್ಲ, ಮ್ಯಾಪ್ ಬಿಡಿಸ್ಕೊಂಡು ಕೂರೋದ್ರಿಂದ. ಈ ದೇಶದಲ್ಲಿ ದುಡ್ಡು ತಿನ್ನೋದು ಆಟಗಾರರಲ್ಲ, ವಿಮಾನ. ಪರ್ತ್‌ನಿಂದ ಸಿಡ್ನಿ 3,000 ಕಿಲೋಮೀಟರಿಗಿಂತ ಜಾಸ್ತಿ, ಬೆಂಗಳೂರಿಂದ ದೆಹಲಿಗೆ ಹೋಗಿ ಹೆಚ್ಚುಕಮ್ಮಿ ವಾಪಸ್ ಬಂದಷ್ಟು ದೂರ. ಒಂದು ಟೀಮ್ ಅಂದ್ರೆ 23 ಆಟಗಾರರು, ಕೋಚು, ಫಿಸಿಯೋ, ಡಾಕ್ಟರು, ಮ್ಯಾನೇಜರು ಎಲ್ಲಾ ಸೇರಿ 30 ಜನ ಅನ್ಕೊಳಿ. ಹೋಗಿ ಬರೋ ಟಿಕೆಟ್ ತಲೆಗೆ 500 ಡಾಲರ್ ಹಿಡಿದ್ರೆ 15,000, ಒಂದು ರಾತ್ರಿಗೆ ಹದಿನೈದು ರೂಮು 3,000, ಊಟ ಮತ್ತೆ ಲೋಕಲ್ ಬಸ್ಸು 2,000. ಒಂದು ಟ್ರಿಪ್ಪಿಗೆ 20,000 ಡಾಲರ್. ಇದು ನನ್ನ ಅಂದಾಜು, ನೀವು ನಿಮ್ಮ ರೇಟು ಹಾಕ್ಕೊಳಿ, ಲೆಕ್ಕದ ದಾರಿ ಅದೇ.

ಈಗ ಎಂಟು ಟೀಮು ಇಟ್ಕೊಳೋಣ: ಸಿಡ್ನಿಯಿಂದ ಮೂರು, ಕ್ಯಾನ್ಬೆರಾ ಒಂದು, ಬ್ರಿಸ್ಬೇನ್ ಎರಡು, ಮೆಲ್ಬರ್ನ್ ಒಂದು, ಪರ್ತ್ ಒಂದು. ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಆಡಿದ್ರೆ 28 ಮ್ಯಾಚು, ಅದ್ರಲ್ಲಿ 21ಕ್ಕೆ ವಿಮಾನ ಹತ್ಲೇಬೇಕು. ಬದಲಿಗೆ ಎರಡು ಗುಂಪು ಮಾಡಿ. ಸಿಡ್ನಿ ಮೂರು ಮತ್ತೆ ಕ್ಯಾನ್ಬೆರಾ ಒಂದು ಕಡೆ, ಮಿಕ್ಕಿದ ನಾಲ್ಕು ಇನ್ನೊಂದು ಕಡೆ, ಗುಂಪಿನೊಳಗೆ ಮನೇಲೊಂದು ಹೊರಗೊಂದು. ಆಗ 24 ಮ್ಯಾಚು, ವಿಮಾನ ಬೇಕಾಗೋದು ಬರೀ ಹತ್ತಕ್ಕೆ! ಕ್ಯಾನ್ಬೆರಾ ಸಿಡ್ನಿ ಅಂದ್ರೆ ಸುಮಾರು ಮೂರೂವರೆ ಗಂಟೆ ಬಸ್ಸು, ಬೆಳಿಗ್ಗೆ ಹೊರಟು ರಾತ್ರಿ ಮನೆಗೆ ಬರಬಹುದು, ಹೋಟೆಲೂ ಬೇಡ. 4,20,000 ಡಾಲರಿನ ಖರ್ಚು 2,00,000ಕ್ಕೆ ಇಳೀತು, ಆಟಗಾರನಿಗೆ ಕಮ್ಮಿ ಆಗಿದ್ದು ಒಂದೇ ಒಂದು ಮ್ಯಾಚು. ಸೆಮಿ ಮತ್ತೆ ಫೈನಲ್ಲಿಗೆ ಅಂತ ಮೂರು ಟ್ರಿಪ್ಪಿನ ದುಡ್ಡು ಮೊದಲೇ ಎತ್ತಿಡಿ, ಅದನ್ನ ಮಾತ್ರ ಯಾವ ಕಾರಣಕ್ಕೂ ಮುಟ್ಬೇಡಿ.

ಇಲ್ಲೊಬ್ಬ ಗೆಳೆಯ ಕೇಳಿದ, ನಮ್ಮ ಮಹಾರಾಜ ಟ್ರೋಫಿ ತರ ಮಾಡಬಹುದಲ್ಲ, 2025ರಲ್ಲಿ ಹುಬ್ಬಳ್ಳಿ, ಮಂಗಳೂರು, ಗುಲ್ಬರ್ಗ ಎಲ್ಲಾ ಟೀಮೂ ಮೈಸೂರಲ್ಲೇ ಆಡಿ ಮುಗಿಸಿದ್ವಲ್ಲ ಅಂತ. ಒಳ್ಳೇ ಪ್ರಶ್ನೆನೇ. ಆದ್ರೆ ಟಿ20 ಆಡಿದೋನು ಮಾರನೇ ದಿನ ಮತ್ತೆ ಆಡ್ತಾನೆ, 80 ನಿಮಿಷ ಸ್ಕ್ರಮ್ಮಲ್ಲಿ, ಅಂದ್ರೆ ಎರಡೂ ಟೀಮಿನೋರು ತಲೆ ಬಗ್ಗಿಸಿ ದಬ್ಬಾಡೋ ಗುಂಪಲ್ಲಿ, ಕುತ್ತಿಗೆ ಕೊಟ್ಟ ಮುಂದಿನ ಸಾಲಿನ ಪ್ರಾಪ್‌ಗೆ ವಾರ ಬೇಕು ಸುಧಾರಿಸ್ಕೊಳೋಕೆ. ಹದಿನೈದು ಜನರ ರಗ್ಬಿಯನ್ನ ಒಂದೇ ಊರಲ್ಲಿ ಹತ್ತು ದಿನದಲ್ಲಿ ಮುಗಿಸೋಕಾಗಲ್ಲ, ಎಂಟು ಶನಿವಾರ ಬೇಕೇ ಬೇಕು, ಅಷ್ಟು ದಿನ ಮೂವತ್ತು ಜನರನ್ನ ಹೋಟೆಲಲ್ಲಿ ಇಟ್ಕೊಂಡ್ರೆ ವಿಮಾನವೇ ವಾಸಿ ಅನ್ಸುತ್ತೆ.

ಎಂಟು ಶನಿವಾರ ಎಲ್ಲಿಂದ ತರ್ತೀರಾ ಅಂದ್ರೆ ಕ್ಲಬ್ ಸೀಸನ್ ಮುಗಿದ ಮೇಲೆ, ಸೆಪ್ಟೆಂಬರ್ ಅಕ್ಟೋಬರ್. ಇಲ್ಲಿ ಒಂದು ಗುಂಡಿ ಇದೆ ಹುಷಾರು. ಎಷ್ಟೋ ಕ್ಲಬ್ ಗ್ರೌಂಡು ಬೇಸಿಗೆ ಬಂದ್ರೆ ಕ್ರಿಕೆಟ್‌ನೋರದ್ದು, ಅವರು ರೋಲರ್ ತಂದು ಪಿಚ್ ಮೇಲೆ ನಿಲ್ಸಿದ್ಮೇಲೆ ನಿಮ್ಮ ಲೈನ್‌ಔಟ್ ಎಲ್ಲಿ ಆಡ್ತೀರಾ. ಹಾಗಾಗಿ ಸ್ಪಾನ್ಸರ್‌ಗಿಂತ ಮೊದಲು ಫೋನ್ ಹೋಗ್ಬೇಕಾಗಿರೋದು ಗ್ರೌಂಡ್ ನೋಡ್ಕೊಳೋ ಕೌನ್ಸಿಲ್‌ಗೆ, ಕೊನೇ ವಾರಗಳಿಗೆ ಬ್ರಿಸ್ಬೇನ್‌ನ ಬಾಲಿಮೋರ್ ತರ ರಗ್ಬಿಗೇ ಅಂತ ಇರೋ ಜಾಗ ಹಿಡಿದಿಟ್ಕೊಳಿ. ದೊಡ್ಡ ಸ್ಟೇಡಿಯಂ ಮಾತ್ರ ಬೇಡವೇ ಬೇಡ, ಎರಡು ಸಾವಿರ ಜನ ಕೂಜಿ ಓವಲ್‌ನಲ್ಲಿ ಜಾತ್ರೆ, ನಲವತ್ತು ಸಾವಿರ ಸೀಟಿನ ಮಧ್ಯೆ ಅದೇ ಎರಡು ಸಾವಿರ ಸ್ಮಶಾನ.

ಇನ್ನು ಟೀಮಿನ ಹೆಸರು. ನನ್ನ ಪ್ರಕಾರ ಎನ್ಆರ್‌ಸಿ ಜನಕ್ಕೆ ಹತ್ರ ಆಗದೆ ಹೋಗಿದ್ದು ಇಲ್ಲೇ. ಮ್ಯಾನ್ಲಿ ಮತ್ತೆ ವಾರಿಂಗಾ ಪಕ್ಕಪಕ್ಕದ ಕ್ಲಬ್ಬು, ಒಬ್ಬರ ಕಂಡ್ರೆ ಒಬ್ಬರಿಗೆ ಆಗಲ್ಲ, ಇವರಿಬ್ಬರನ್ನೂ ಸೇರಿಸಿ ನಾರ್ತ್ ಹಾರ್ಬರ್ ರೇಯ್ಸ್ ಅಂತ ಹೆಸರಿಟ್ಟು ಬಂದು ಚಪ್ಪಾಳೆ ಹೊಡೀರಿ ಅಂದ್ರೆ ಯಾರು ಹೊಡೀತಾರೆ? ಅಕ್ಕಪಕ್ಕದ ಎರಡು ಹಳ್ಳಿ ಕಬಡ್ಡಿ ಟೀಮಿಗೆ ಒಂದೇ ಬನಿಯನ್ ಹಾಕ್ಸಿದಂಗೆ. ನ್ಯೂಜಿಲೆಂಡ್‌ನ ಎನ್‌ಪಿಸಿ ಅನ್ನೋ ಪ್ರಾಂತ್ಯಗಳ ಟೂರ್ನಿ 1976ರಿಂದ ನಡ್ಕೊಂಡು ಬಂದಿದೆ ಅಂದ್ರೆ ಅಲ್ಲಿ ಟೀಮು ಅಂದ್ರೆ ತಾನು ಹುಟ್ಟಿ ಬೆಳೆದ ಪ್ರಾಂತ್ಯ, ಅಜ್ಜ ನೋಡಿದ ಟೀಮನ್ನೇ ಮೊಮ್ಮಗನೂ ನೋಡ್ತಾನೆ. ಆಸ್ಟ್ರೇಲಿಯಾದಲ್ಲಿ ಆ ಜಾಗದಲ್ಲಿ ಇರೋದು ಕ್ಲಬ್ಬು. ಆದ್ರಿಂದ ಹೊಸದೇನೂ ಹುಟ್ಟಿಸ್ಬೇಡಿ, ಶೂಟ್ ಶೀಲ್ಡ್‌ನ ಮೊದಲ ಮೂರು ಕ್ಲಬ್ಬು, ಹಾಸ್ಪಿಟಲ್ ಕಪ್‌ನ ಮೊದಲ ಎರಡು, ತಮ್ಮ ಹೆಸರಲ್ಲೇ ತಮ್ಮ ಬಣ್ಣದಲ್ಲೇ ಬರಲಿ. ಜೆರ್ಸಿ ಖರ್ಚೂ ಉಳೀತು.

ಹಂಗಾದ್ರೆ ಮಿಕ್ಕ ಕ್ಲಬ್ಬಿನ ಒಳ್ಳೇ ಹುಡುಗರ ಗತಿ? ಅವರಿಗೆ ಲೋನ್ ಪದ್ಧತಿ ಇಡಿ, ಬಂದ ಪ್ರತಿ ಟೀಮೂ ಬರದೆ ಇರೋ ಕ್ಲಬ್ಬಿಂದ ಆರು ಜನರನ್ನ ಎರವಲು ತಗೋಬಹುದು, ಸೀಸನ್ ಮುಗಿದ ತಕ್ಷಣ ವಾಪಸ್ ಕಳಿಸ್ಬೇಕು, ಕದಿಯೋ ಹಾಗಿಲ್ಲ. ಈ ಕದಿಯೋ ಮಾತನ್ನ ಬಾಯಲ್ಲಿ ಹೇಳಿದ್ರೆ ಸಾಲದು, ಬರವಣಿಗೆಯಲ್ಲಿ ಇರ್ಲಿ, ಕ್ಲಬ್ ಸೆಕ್ರೆಟರಿಗಳು ಜಗಳ ಆಡೋದೇ ಇದಕ್ಕೆ. ಸೂಪರ್ ರಗ್ಬಿ ಕಾಂಟ್ರಾಕ್ಟ್ ಇದ್ದು ದೇಶದ ಟೀಮು ವಾಲಬೀಸ್‌ಗೆ ಹೋಗದೆ ಉಳಿದೋರೂ ಆಡಲಿ, ಅವರಿಗೆ ಸಂಬಳ ಆಗ್ಲೇ ಬರ್ತಿರುತ್ತೆ, ನೀವು ಮತ್ತೆ ಕೊಡೋದು ಬೇಡ. ಮಿಕ್ಕೋರಿಗೆ ಸಂಬಳ ಅಲ್ಲ, ಮ್ಯಾಚ್ ಫೀ. ಇನ್ಶೂರೆನ್ಸ್ ಮತ್ತೆ ಮ್ಯಾಚ್ ಡಾಕ್ಟರ್ ವಿಷಯದಲ್ಲಿ ಮಾತ್ರ ಒಂದು ಡಾಲರೂ ಉಳಿಸ್ಬೇಡಿ, ತಲೆಗೆ ಏಟು ಬಿದ್ದೋನನ್ನ ಕೋಚ್ ಎಷ್ಟೇ ಬಡ್ಕೊಂಡ್ರೂ ವಾಪಸ್ ಇಳಿಸೋ ಹಾಗಿಲ್ಲ.

ಟಿವಿ ದುಡ್ಡಿನ ಆಸೆ ಇಟ್ಕೊಂಡು ಬಜೆಟ್ ಬರೀಬೇಡಿ. ಕ್ಲಬ್ ಮ್ಯಾಚುಗಳು ಈಗಾಗ್ಲೇ ಸ್ಟಾನ್ ಅನ್ನೋ ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಬರ್ತಿವೆ, ಅದೇ ವ್ಯವಸ್ಥೆ ಇನ್ನೆಂಟು ವಾರ ಮುಂದುವರಿದ್ರೆ ಸಾಕು, ಬಂದಷ್ಟು ಲಾಭ. ಗೇಟು, ಬಾರು, ಸಾಸೇಜು ಮಾರಿದ ದುಡ್ಡು ಪೂರ್ತಿ ಮನೆ ಟೀಮಿಗೇ ಬಿಡಿ, ಆಗ ಜನ ಸೇರ್ಸೋ ಕೆಲಸ ಅವರೇ ಮಾಡ್ತಾರೆ.

ಖರ್ಚಿಲ್ಲದೆ ಬಿಸಿ ಏರಿಸೋ ಉಪಾಯ ಒಂದಿದೆ. ನ್ಯೂಜಿಲೆಂಡ್‌ನಲ್ಲಿ ರ‍್ಯಾನ್‌ಫರ್ಲಿ ಶೀಲ್ಡ್ ಅಂತ ಒಂದು ಮರದ ಫಲಕ, 1904ರಿಂದ ಅದಕ್ಕೆ ಸವಾಲು ನಡೀತಿದೆ, ಯಾರ ಕೈಲಿದೆಯೋ ಅವರ ಮನೆಗೇ ಹೋಗಿ ಸೋಲಿಸಿ ಕಿತ್ಕೊಂಡು ಬರಬೇಕು. ಪಾಯಿಂಟ್ ಟೇಬಲ್ಲಲ್ಲಿ ಕೊನೇಲಿರೋ ಟೀಮಿಗೂ ಆ ಒಂದು ಮಧ್ಯಾಹ್ನ ಫೈನಲ್ಲೇ. ಬಡಗಿ ಹತ್ರ ಅಂಥದ್ದೊಂದು ಮಾಡ್ಸಿ, ಅಷ್ಟೇ. ರೂಲ್ಸ್ ಜೊತೆ ಜಾಸ್ತಿ ಆಟ ಆಡೋಕೆ ಹೋಗ್ಬೇಡಿ, ಎನ್ಆರ್‌ಸಿ ಮೊದಲ ವರ್ಷ ಪೆನಾಲ್ಟಿ ಕಿಕ್ಕಿಗೆ ಮೂರಿದ್ದ ಪಾಯಿಂಟನ್ನ ಎರಡು, ಟ್ರೈ (ಚೆಂಡನ್ನ ಎದುರಾಳಿ ಗೆರೆಯಾಚೆ ನೆಲಕ್ಕೆ ಮುಟ್ಟಿಸೋದು) ಆದ್ಮೇಲೆ ಒದೆಯೋ ಕನ್ವರ್ಷನ್‌ಗೆ ಮೂರು ಮಾಡಿದ್ರು, ಟ್ರೈ ಜಾಸ್ತಿ ಆಗಲಿ ಅನ್ನೋ ಉದ್ದೇಶ ಒಳ್ಳೇದೇ, ಆದ್ರೆ ಮೇಲಿನ ಮಟ್ಟಕ್ಕೆ ಹುಡುಗರನ್ನ ತಯಾರು ಮಾಡ್ತೀವಿ ಅಂತ ಹೇಳಿ ಬೇರೆ ಲೆಕ್ಕದ ಆಟ ಕಲಿಸಿದ್ರೆ ಹೇಗೆ.

ನಮ್ಮ ಕಡೆಗೂ ಇದು ಬೇಕು. 2025ರ ಜೂನ್‌ನಲ್ಲಿ ಮುಂಬೈಲಿ ರಗ್ಬಿ ಪ್ರೀಮಿಯರ್ ಲೀಗ್ ನಡೀತು, ಬೆಂಗಳೂರು ಬ್ರೇವ್‌ಹಾರ್ಟ್ಸ್ ಸೇರಿ ಆರು ಟೀಮು, ಹದಿನೈದು ದಿನದಲ್ಲಿ 34 ಮ್ಯಾಚು, ಅದು ಏಳು ಜನರ ಆಟ ಆಗಿದ್ದಕ್ಕೆ ಒಂದೇ ಊರಲ್ಲಿ ಮುಗಿಸೋಕಾಯ್ತು. ಅದರ ಕೆಳಗಿನ ಮೆಟ್ಟಿಲು ಯಾರಾದ್ರೂ ಕಟ್ಟೋದಾದ್ರೆ ಬೆಂಗಳೂರು, ಚೆನ್ನೈ, ಹೈದರಾಬಾದ್ ಒಂದು ಗುಂಪು ಮಾಡಿ, ಶುಕ್ರವಾರ ರಾತ್ರಿ ರೈಲು ಹತ್ತಿ, ಶನಿವಾರ ಭಾನುವಾರ ಆಡಿ, ಸೋಮವಾರ ಬೆಳಿಗ್ಗೆ ಆಫೀಸಿಗೆ ವಾಪಸ್. ಫಿಕ್ಸ್‌ಚರ್ ಮಾತ್ರ ಎರಡೂವರೆ ತಿಂಗಳು ಮೊದಲೇ ಹಾಕಿ, ರೈಲು ಬುಕಿಂಗ್ ತೆಗೆಯೋದು 60 ದಿನ ಮುಂಚೆ, ಹನ್ನೆರಡು ದಪ್ಪ ದಪ್ಪ ಹುಡುಗರು ವೇಟಿಂಗ್ ಲಿಸ್ಟಲ್ಲಿ ಬಾಗಿಲ ಹತ್ರ ನಿಂತ್ಕೊಂಡು ಹೋಗಿ ಮ್ಯಾಚ್ ಆಡೋಕಾಗಲ್ಲ.